ಮೇಲ್ಮಹಡಿಯ ಇಬ್ಬರು ಹಿರಿಯರು

ಹೋಟೆಲು ನಡೆಸುವವರು ಕಥೆ ಹುಡುಕಿಕೊಂಡು ಹೋಗಬೇಕಾಗಿಲ್ಲ, ಹಸಿವಾದಾಗ ಅವೇ ಬಂದು ಬೆಂಚಿನ ಮೇಲೆ ಕೂರುತ್ತವೆ. ಕಲ್ಕತ್ತೆಯ ಬಾಲಿಗಂಜಿನ ನಮ್ಮ ಪುಟ್ಟ ಹೋಟೆಲಿನಲ್ಲಂತೂ ಚಳಿಗಾಲದ ಬೆಳಿಗ್ಗೆ ಬೀದಿಯ ಮಂಜು ಯಾವುದು, ಇಡ್ಲಿಯ ಹಬೆ ಯಾವುದು ಎಂದು ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಎದುರಿಗೆ ಕೂತವರು ನಿಜವಾಗಿ ಬಂದವರೋ ನನ್ನ ಅರೆನಿದ್ದೆಯಲ್ಲಿ ಕಂಡವರೋ ಎಂದು ಅನುಮಾನವಾಗುತ್ತದೆ. ಚಟ್ನಿ ಸಾಲದು ಎಂದು ಗೊಣಗಿದರೆ ನಿಜವಾದವರೆಂದು ಖಾತ್ರಿ. ಆ ಇಬ್ಬರು ಹುಡುಗರು ಒಮ್ಮೆಯೂ ಗೊಣಗಲಿಲ್ಲ. ಹಾಗಾಗಿ ಬಹಳ ದಿನ ನನಗೆ ಅವರ ಮೇಲೆ ನಂಬಿಕೆಯೇ ಬರಲಿಲ್ಲ.

ಮೀಸೆ ಬಾರದವರು

ಡಿಸೆಂಬರಿನ ಒಂದು ಬೆಳಿಗ್ಗೆ ಮಂಜಿನೊಳಗಿಂದ ಎರಡು ಬಿಳಿ ಅಂಗಿಗಳು ತೇಲಿ ಬಂದವು. ಹತ್ತಿರವಾದಂತೆ ಅಂಗಿಗಳಿಗೆ ತಲೆ ಮೂಡಿತು, ಕಪ್ಪು ಟೈ ಮೂಡಿತು, ಜೇಬಿನ ಮೇಲೊಂದು ಕಪ್ಪು ಹೆಸರುಪಟ್ಟಿ ಮೂಡಿತು. ಒಬ್ಬ ಆಂಧ್ರದವನು. ಇನ್ನೊಬ್ಬ ಅಮೆರಿಕದಲ್ಲಿ ಆಲೂಗಡ್ಡೆ ಬೆಳೆಯುವ ಯಾವುದೋ ಸೀಮೆಯ ರೈತರ ಮಗ, ಕೆನ್ನೆಯಲ್ಲಿ ಇನ್ನೂ ಅಮ್ಮನ ಮನೆಯ ಹಾಲು ತುಪ್ಪ ಕಾಣುತ್ತಿತ್ತು. ನಮ್ಮ ಮನೆಯ ಮೇಲಿನ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದರು.

“ನಾವು ಮಾರ್ಮನ್ ಅನ್ನುವ ಕ್ರೈಸ್ತ ಪಂಗಡದವರು ಅಕ್ಕಾ,” ಎಂದು ಆಂಧ್ರದ ಹುಡುಗ ಹಿಂದಿಯಲ್ಲಿ ಹೇಳಿದ. “ನಮ್ಮಲ್ಲಿ ಈ ವಯಸ್ಸಿನವರು ಎರಡು ವರ್ಷ ಮನೆ ಬಿಟ್ಟು ಸೇವೆಗೆ ಹೋಗುತ್ತಾರೆ. ಇವನು ಹೊಸಬ, ನನ್ನ ಕೈಕೆಳಗೆ ತರಬೇತಿ. ನೀವಾಗಿ ಕೇಳದೆ ನಾವು ಧರ್ಮದ ಮಾತು ಎತ್ತುವುದಿಲ್ಲ.”

“ನಾನು ಕೇಳುವುದೂ ಇಲ್ಲ. ಹಿಟ್ಟು ಹುಳಿ ಬರ್ತಾ ಉಂಟು,” ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ಎಲ್ಡರ್ ಎಂದೇ ಕರೆಯಬೇಕಂತೆ. ಎಲ್ಡರ್ ಎಂದರೆ ಹಿರಿಯರು ಎಂದು ಅತ್ತೆಗೆ ಹೇಳಿದೆ. “ಮೀಸೆ ಸಮ ಬರ್ಲಿಲ್ಲ, ಎಂತದು ಹಿರಿಯರು?” ಎಂದರು.

ಹಗಲೂ ಇರುಳೂ ಇಬ್ಬರೂ ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು ಇರಬೇಕು. ಮನೆಗೆ ಫೋನು ವಾರಕ್ಕೊಮ್ಮೆ, ಸೋಮವಾರ. ಹೊಸಬನಿಗೆ ಇದೊಂದೂ ಒಗ್ಗಲಿಲ್ಲ. ಬೆಳಿಗ್ಗೆ ತಾರಸಿಯಲ್ಲಿ ನಿಂತು ಲೋಕಲ್ ರೈಲು ಹೋಗುವುದನ್ನೇ ನೋಡುತ್ತಿದ್ದ, ಮುಂದಿನ ಸ್ಟೇಷನ್ನಿನಲ್ಲಿ ಅವನ ಆಲೂಗಡ್ಡೆ ಹೊಲ ಬರುತ್ತದೆ ಎನ್ನುವ ಹಾಗೆ. ಆಂಧ್ರದವನು ಒಂದು ದಿನ ಮೆಲ್ಲಗೆ ಹೇಳಿದ: “ತರಬೇತಿ ಮುಗಿದ ಕೂಡಲೇ ವಾಪಸು ಹೋಗುತ್ತೇನೆ ಅನ್ನುತ್ತಾನೆ ಅಕ್ಕಾ. ಈ ಊರಲ್ಲಿ ಯಾರಿಗೂ ನಾನು ಬೇಕಾಗಿಲ್ಲ, ಎಲ್ಲರೂ ನಕ್ಕು ಪಕ್ಕಕ್ಕೆ ಸರಿಯುತ್ತಾರೆ ಅಂತ. ಆದರೆ ಅರ್ಧಕ್ಕೆ ಬಿಟ್ಟು ಹೋದವನು ಅವನ ಊರಿನಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ.”

ನನಗೆ ಪಾಪ ಎನಿಸಿತು. ಅತ್ತೆಗೆ ಎನಿಸಲಿಲ್ಲ, ಅವರು ಬೇರೊಂದು ಖುಷಿಯಲ್ಲಿದ್ದರು. ಅಮೆರಿಕದವನು ನಿಯಮದಂತೆ ಹೆಂಗಸರನ್ನೆಲ್ಲ, ನನ್ನನ್ನೂ ಅತ್ತೆಯನ್ನೂ, ‘ಸಿಸ್ಟರ್’ ಎನ್ನುತ್ತಿದ್ದ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅತ್ತೆಗೆ ಮಗಳಾಗಲು ಆಗಿರಲಿಲ್ಲ. ಅವನು ಒಂದೇ ಬೆಳಿಗ್ಗೆಯಲ್ಲಿ ನನ್ನನ್ನು ಅವರ ತಂಗಿ ಮಾಡಿಬಿಟ್ಟ.

ಕಾಫಿ ಬೇಡ ಅಂದದ್ದು

ಗಿರಾಕಿ ಹೋಟೆಲಿಗೆ ಬೈದರೂ ನನ್ನ ಗಂಡ ಸುಮ್ಮನಿರುತ್ತಾರೆ. ಕಾಫಿಗೆ ಬೈದರೆ ಇಲ್ಲ. ಇವರಿಬ್ಬರು ಬೈಯಲಿಲ್ಲ, ಕುಡಿಯುವುದೇ ಇಲ್ಲ ಎಂದರು. ಚಹಾವೂ ಇಲ್ಲ.

“ಒಂದು ಗುಟುಕು?” ಎಂದರು ನನ್ನ ಗಂಡ.

“ನಮ್ಮ ಧರ್ಮದಲ್ಲಿ ಇಲ್ಲ ಅಣ್ಣಾ.”

“ವಾಸನೆ?”

“ವಾಸನೆಗೆ ಅಡ್ಡಿಯಿಲ್ಲ.”

ಇವರು ಡಿಕಾಕ್ಷನ್ನಿನ ಪಾತ್ರೆ ತಂದು ಹೊಸಬನ ಮೂಗಿನ ಕೆಳಗೆ ಹಿಡಿದುಕೊಂಡು ನಿಂತರು, ಜ್ಞಾನ ತಪ್ಪಿದವನನ್ನು ಎಬ್ಬಿಸುವ ಹಾಗೆ. ಹುಡುಗ ವಿನಯದಿಂದ ಮೂಸಿ ಥ್ಯಾಂಕ್ಯೂ ಎಂದ. ಕೊನೆಗೆ ನಾನೇ ಕೊತ್ತಂಬರಿ ಜೀರಿಗೆ ಹುರಿದ ಪುಡಿಗೆ ಹಾಲು ಬೆಲ್ಲ ಹಾಕಿ ಕಷಾಯ ಮಾಡಿಕೊಟ್ಟೆ. ಆಂಧ್ರದವನು ಒಳಗೆ ಬಿದ್ದದ್ದನ್ನೆಲ್ಲ ಒಂದೊಂದಾಗಿ ವಿಚಾರಿಸಿ ಒಪ್ಪಿಗೆ ಕೊಟ್ಟ. ಹೊಸಬ ಕಣ್ಣು ಮುಚ್ಚಿ ಕುಡಿದ. ಅಷ್ಟು ದಿನದಲ್ಲಿ ಅವನ ಬಿಗಿದ ಭುಜ ಸಡಿಲವಾದದ್ದನ್ನು ಅಂದೇ ನೋಡಿದ್ದು.

ಪಕ್ಕದ ಮೇಜಿನಲ್ಲಿ ಕೂತಿದ್ದ ನಮ್ಮ ಮಂಗಳೂರು ಕಡೆಯ ಬ್ಯಾಂಕಿನವರೊಬ್ಬರು ಇದನ್ನೇ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಜ್ವರ ಬಂದರೆ ಮಾತ್ರ, ಅದೂ ಅಮ್ಮ ಬೈದರೆ ಮಾತ್ರ ಕಷಾಯ ಕುಡಿದವರು. ಮರುದಿನ ಬಂದು ಕೇಳಿದರು: “ಆ ಫಾರಿನ್ ಹುಡುಗ ಕುಡಿದದ್ದು ಎಂತದು? ನನಗೂ ಅದೇ ಕೊಡಿ.”

ಮೆಟ್ಟಿಲ ಮೇಲಿನ ಪ್ರವಚನ

ಗಂಡಸರಿಲ್ಲದ ಮನೆಯ ಒಳಗೆ ಅವರು ಕಾಲಿಡುವುದಿಲ್ಲ. ಮಕ್ಕಳನ್ನು ಎತ್ತಿಕೊಳ್ಳುವುದೂ ಇಲ್ಲ. ಇದು ನನಗೆ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಕೈ ತುಂಬ ಉದ್ದಿನ ಹಿಟ್ಟು ಮೆತ್ತಿಕೊಂಡಿರುವಾಗ ನನ್ನ ಮಗಳು ಪುಟ್ಟಿ ಹೊರಬಾಗಿಲಿನಿಂದ ಬೀದಿಗೆ ಹೊರಟಳು. ಮೂರು ವರ್ಷದವಳು, ಆದರೆ ಹೊರಟರೆ ಗರಿಯಾಹಾಟಿನ ಮಾರುಕಟ್ಟೆಯವರೆಗೂ ತಿರುಗಿ ನೋಡದೆ ಹೋಗುವ ಜಾತಿ. ಮೆಟ್ಟಿಲು ಇಳಿಯುತ್ತಿದ್ದ ಇಬ್ಬರಿಗೂ “ಹಿಡಿಯಿರಿ” ಎಂದು ಕೂಗಿದೆ.

ಹೊಸಬ ಓಡಿಹೋಗಿ ಅವಳ ಮುಂದೆ ನಿಂತ. ಕೈ ಮಾತ್ರ ಬೆನ್ನ ಹಿಂದೆ. ಅವಳು ಎಡಕ್ಕೆ ಹೋದರೆ ಇವನೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಹೊಲದಲ್ಲಿ ಕರು ತಡೆದು ಅಭ್ಯಾಸವಿದ್ದವನು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವಳು ಸೋತು ಮೆಟ್ಟಿಲ ಮೇಲೆ ಕೂತಿದ್ದಳು.

“ನಿನಗೆ ಕೈ ಯಾಕೆ ಕೊಟ್ಟಿದ್ದಾನೆ ನಿನ್ನ ದೇವರು?” ಎಂದು ಹತ್ತನೇ ಕ್ಲಾಸಿಗೆ ನಿಂತ ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಅವನು ಕೆಂಪಾಗಿ ನಿಯಮ ಹೇಳಿದ. ನಿಯಮ ಎಂದ ಮೇಲೆ ನಾನು ಏನು ಹೇಳುವುದು? ನನ್ನ ಅತ್ತೆಯ ಅಡುಗೆಮನೆಯಲ್ಲಿ ಇದಕ್ಕಿಂತ ಹೆಚ್ಚಿವೆ.

ಅವನಿಗೆ ಇಗರ್ಜಿಯಲ್ಲಿ ಹೇಳಬೇಕಾದ ಪಾಠವೊಂದಿತ್ತು. ಸಂಗಾತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಅಲ್ಲೇ ಪುಟ್ಟಿಯ ಮುಂದೆ ಅಭ್ಯಾಸ ಮಾಡತೊಡಗಿದ. ಗೋಡೆಯ ಮೇಲೆ ಚಳಿಗಾಲದ ಬಿಸಿಲು ಇತ್ತು, ದೂರದಲ್ಲಿ ಹಳೆ ಪೇಪರಿನವನ ಕೂಗು. ಅವನ ದನಿ ಜೇನು ಸುರಿದ ಹಾಗೆ ಒಂದೇ ಸಮ ಇಳಿಯುತ್ತಿತ್ತು. ನಾನೂ ಕಂಬಕ್ಕೆ ಒರಗಿ ಎಲ್ಲಿಗೋ ಹೋಗಿಬಿಟ್ಟಿದ್ದೆ. ಪಾಠ ಮುಗಿದಾಗ ಪುಟ್ಟಿ ಬಾಯಿ ತೆರೆದು ನಿದ್ದೆ ಮಾಡಿದ್ದಳು. ಹುಡುಗನ ಮುಖ ಬಾಡಿತು. “ನೋಡಿದಿರಾ ಸಿಸ್ಟರ್, ಇವಳಿಗೂ ಬೇಡ.”

ಪುಟ್ಟಿ ಮಧ್ಯಾಹ್ನ ಮಲಗದೆ ಒಂದು ವರ್ಷವಾಗಿತ್ತು. ನಾನು ಅವನಿಗೆ ಕೈ ಮುಗಿದೆ. “ನಾಳೆಯೂ ಇದೇ ಹೊತ್ತಿಗೆ ಬಾ ಮಾರಾಯ. ದೇವರನ್ನು ಮಾತ್ರ ಬದಲಾಯಿಸಬೇಡ.”

ಉಪವಾಸದ ಪೈಪೋಟಿ

ಪಕ್ಕದ ಕಟ್ಟಡದ ಬಂಗಾಳಿ ಚಿಕ್ಕಮ್ಮ, ನಾವೆಲ್ಲ ಮಾಶಿಮಾ ಎಂದು ಕರೆಯುವವರು, ಎಚ್ಚರಿಸಿದರು, “ಅವರನ್ನು ಹತ್ತಿರ ಸೇರಿಸಬೇಡ, ನಿಮ್ಮನ್ನೆಲ್ಲ ಮತಾಂತರ ಮಾಡಿಬಿಟ್ಟಾರು.” ಅವರಿಗೆ ನಮ್ಮ ಅತ್ತೆಯ ಪರಿಚಯ ಸಾಲದು.

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಇಬ್ಬರೂ ತಿಂಡಿಗೆ ಕೂರಲಿಲ್ಲ. ಉಪವಾಸ ಎಂದರು. ಅತ್ತೆಗೆ ಉತ್ಸಾಹ ಬಂತು. ಏಕಾದಶಿಯ ವಿಷಯದಲ್ಲಿ ಈ ಬೀದಿಯಲ್ಲಿ ಅವರಿಗೆ ಎದುರಾಳಿಗಳೇ ಇಲ್ಲ. “ಅವಲಕ್ಕಿ ಮೊಸರು ಕೊಡು, ಬಾಳೆಹಣ್ಣು ಕೊಡು. ಸಾಬುದಾಣೆ ಉಪ್ಪಿಟ್ಟು ಬೇಕಾದರೆ ಮಾಡುವ,” ಎಂದರು.

“ಅದೇನೂ ಇಲ್ಲ ಅಜ್ಜೀ, ನೀರೂ ಇಲ್ಲ,” ಎಂದ ಆಂಧ್ರದವನು.

ಎತ್ತಿಕೊಂಡ ಬಾಳೆಹಣ್ಣನ್ನು ಅತ್ತೆ ಕೆಳಗಿಟ್ಟರು. ತಮ್ಮ ಏಕಾದಶಿಯ ತಟ್ಟೆ ಕಣ್ಣ ಮುಂದೆ ಬಂದಿರಬೇಕು, ಅದರ ಅಗಲ ನನಗೂ ಗೊತ್ತು. ಆಮೇಲೆ ವಿಚಾರಣೆ ಶುರು ಮಾಡಿದರು. ಹೆಂಡ? ಇಲ್ಲ. ಸಿಗರೇಟು? ಇಲ್ಲ. ಪರಸ್ತ್ರೀ? ಹುಡುಗರು ಗಾಬರಿಯಿಂದ ತಲೆಯಾಡಿಸಿದರು. ಬೆಳಿಗ್ಗೆ ಏಳುವುದು? ಆರೂವರೆಗೆ ಎದ್ದು ಪ್ರಾರ್ಥನೆ. ಅತ್ತೆ ಆಗ ತಾನೇ ಏಳೂವರೆಗೆ ಎದ್ದು ಕಾಫಿ ಹಿಡಿದು ಕೂತ ತಮ್ಮ ಮಗನ ಕಡೆ ತಿರುಗಿದರು. ಆ ನೋಟಕ್ಕೆ ಇವರು ಲೋಟ ಕೆಳಗಿಟ್ಟರು.

ಸಂಜೆ ಅತ್ತೆ ನನ್ನೊಡನೆ ಗುಟ್ಟಾಗಿ ಹೇಳಿದರು: “ವಟುಗಳಿಗೆ ಬೇಕಾದ್ದೆಲ್ಲ ಉಂಟು ಇವರಲ್ಲಿ. ಸಂಧ್ಯಾವಂದನೆ ಒಂದು ಇಲ್ಲ. ಅದನ್ನು ನಾವು ಕಲಿಸಿದರಾಯ್ತು.”

ಪಂಕ್ತಿಯಲ್ಲಿ

ತರಬೇತಿ ಮುಗಿಯುತ್ತ ಬಂತು. ವಾಪಸು ಬರುತ್ತೇನೆಂದು ಸೋಮವಾರ ಫೋನಿನಲ್ಲಿ ಅಮ್ಮನಿಗೆ ಹೇಳಿಬಿಡುವುದೆಂದು ಹೊಸಬ ನಿಶ್ಚಯ ಮಾಡಿಯಾಗಿತ್ತು. ಆಂಧ್ರದವನು ತಾನೇ ಫೇಲಾದವನಂತೆ ಓಡಾಡುತ್ತಿದ್ದ. ಹೋಗುವ ಮೊದಲು ಒಂದು ಎಲೆಯೂಟವಾದರೂ ಉಣ್ಣಲಿ ಎಂದು ಶನಿವಾರದ ಮದುವೆಯೂಟಕ್ಕೆ ಇಬ್ಬರನ್ನೂ ಕರೆಯಿಸಿದೆ. ಮಂಗಳೂರು ಕಡೆಯ ಬ್ಯಾಂಕ್ ಮ್ಯಾನೇಜರೊಬ್ಬರ ಮಗಳ ಮದುವೆ, ಅಡುಗೆ ನಮ್ಮದು.

ದೊಡ್ಡ ಹಳೆಯ ಬಂಗಲೆ. ಎತ್ತರದ ಕಿಟಕಿಗಳಿಂದ ಬೆಳಕು ಇಳಿದು ಬಾಳೆಲೆಗಳ ಮೇಲೆ ಹಸಿರು ಕೊಳದ ಹಾಗೆ ನಿಂತಿತ್ತು. ನಾಗಸ್ವರ, ಮಲ್ಲಿಗೆ, ಬಿಸಿ ಅನ್ನದ ಹಬೆ. ಹುಡುಗ ಬಾಗಿಲಲ್ಲಿ ನಿಂತು ನೀರೊಳಗೆ ನೋಡುವವನಂತೆ ನೋಡುತ್ತಿದ್ದ.

ನಾವು ಯಾರೂ ಯೋಚಿಸದ ವಿಷಯವೊಂದಿತ್ತು. ದೊಡ್ಡ ಮದುವೆಗಳಲ್ಲಿ ನನ್ನ ಗಂಡ ಬಡಿಸುವವರಿಗೆಲ್ಲ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಟೈ ಹಾಕಿಸುತ್ತಾರೆ. ಜೇಬಿನ ಮೇಲೆ ಹೆಸರುಪಟ್ಟಿ.

ಮೊದಲ ಸಾಲಿನ ಅಜ್ಜಿಯೊಬ್ಬರು ತಲೆ ಎತ್ತದೆ ಬಾಗಿಲಲ್ಲಿದ್ದ ಹೊಸಬನ ಕಡೆ ಕೈ ಬೀಸಿದರು. “ಏ ಮಾಣಿ, ಸಾರು ತಾ.”

ಕರೆದರೆ ಹೋಗಬೇಕು ಎಂದು ಅವನಿಗೆ ಕಲಿಸಿದ್ದಾರೆ. ಹತ್ತಿರದಲ್ಲಿದ್ದ ಸಾರಿನ ಬಕೆಟ್ಟು ಎತ್ತಿಕೊಂಡು ಹೋದ. ಸೌಟು ತುಂಬಿ ಸುರಿದದ್ದು ಅನ್ನಕ್ಕೆ ತಾಗದೆ ಎಲೆಯ ಮೇಲೆ ಹರಿದು ಅಜ್ಜಿಯ ಸೀರೆಯ ಕಡೆ ಹೊರಟಿತು. ಅಜ್ಜಿ ಎಲೆಯ ಅಂಚು ಎತ್ತಿ ಹಿಡಿದು, “ನಿನಗೆ ಯಾರು ಕಲಿಸಿದ್ದು? ನೋಡು, ಗುಂಡಿ ಮಾಡ್ತೇನೆ, ಅದಕ್ಕೆ ಹಾಕು,” ಎಂದು ಅನ್ನದ ನಡುವೆ ಕುಳಿ ತೋಡಿ ತೋರಿಸಿದರು. ಆಗ ಅವನಿಗೆ ಎಲ್ಲವೂ ತಿಳಿಯಿತು. ಪಾತಿಗೆ ನೀರು ಬಿಡುವ ಕೆಲಸ, ಅವನು ಹುಟ್ಟಿನಿಂದ ಮಾಡಿದ್ದು. ಸಾಲು ಹಿಡಿದು ಹೊರಟ. ಒಂದು ಹನಿ ಆಚೆ ಬೀಳಲಿಲ್ಲ.

ಕಣ್ಣಳತೆ ತಪ್ಪಬಾರದಲ್ಲ, ಆಂಧ್ರದವನು ಹಿಂದೆಯೇ ಓಡಿದ. ಬರಿಗೈಯಲ್ಲಿ ಓಡುವುದು ಚೆನ್ನಾಗಿ ಕಾಣುವುದಿಲ್ಲವೆಂದು ಹಪ್ಪಳದ ಬುಟ್ಟಿ ಎತ್ತಿಕೊಂಡ. ಸಾರು ಹೋದಲ್ಲೆಲ್ಲ ಹಪ್ಪಳ, ಸಾರು ನಿಂತಲ್ಲಿ ಹಪ್ಪಳವೂ ನಿಂತಿತು. ಜನ ಇದು ಕಲ್ಕತ್ತೆಯ ಹೊಸ ಪದ್ಧತಿ ಎಂದುಕೊಂಡರು. “ಇಲ್ಲಿಗೆ ಬಾ ಮಾರಾಯ,” “ಇನ್ನೊಂದು ಸೌಟು,” “ಆ ಬಿಳಿ ಮಾಣಿಯನ್ನು ಕರೆಯಿರಿ” ಎಂದು ನಾಲ್ಕೂ ಕಡೆಯಿಂದ ಕರೆ. ಅವನು ಒಬ್ಬೊಬ್ಬರಿಗೂ ಬಗ್ಗಿ ಬಡಿಸುತ್ತ, ಕಿಟಕಿಯ ಬೆಳಕಿನಲ್ಲಿ ಹಬೆಯ ಮೇಲೆ ನಡೆದವನಂತೆ ಓಡಾಡಿದ. ಊಟಕ್ಕೆ ಕೂತದ್ದು ಕೊನೆಯ ಪಂಕ್ತಿಯಲ್ಲಿ.

ಮ್ಯಾನೇಜರು ನನ್ನ ಗಂಡನ ಹೆಗಲು ತಟ್ಟಿದರು. “ಈಗ ಅಮೆರಿಕದವರನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದೀರಾ?”

“ತರಬೇತಿಯಲ್ಲಿದ್ದಾರೆ,” ಎಂದರು ಇವರು. ವ್ಯಾಪಾರದಲ್ಲಿ ಇವರು ಇಷ್ಟು ಶುದ್ಧ ಸತ್ಯ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸೋಮವಾರ ತಿಂಡಿಯ ಗಲಾಟೆ ಮುಗಿದ ಮೇಲೆ ಹೋಟೆಲಿನ ಮೂಲೆಯ ಮೇಜಿನಲ್ಲಿ ಫೋನು ಹಚ್ಚಿದರು. ಪರದೆಯಲ್ಲಿ ಹೊಸಬನ ಅಮ್ಮ, ಹಿಂದೆ ಅಡುಗೆಮನೆಯ ದೀಪ. ಅವಳ ಕಣ್ಣು ಆಗಲೇ ಒದ್ದೆ, ಹಿಂದಿನ ವಾರವೇ ಸುಳಿವು ಸಿಕ್ಕಿರಬೇಕು. “ಹೇಳು ಮಗನೇ. ಯಾವತ್ತು ಬರ್ತೀ?” ಎಂದಳು. ನಾನು ಅದೇ ಮೇಜನ್ನು ಎರಡನೆಯ ಸಲ ಒರೆಸುತ್ತಿದ್ದೆ.

“ಈಗ ಇಲ್ಲಮ್ಮ. ಎರಡು ವರ್ಷ ಮುಗಿಸಿಯೇ ಬರ್ತೇನೆ,” ಎಂದ. “ಶನಿವಾರ ಒಂದು ಮದುವೆಯಲ್ಲಿ ತುಂಬ ಜನಕ್ಕೆ ಬಡಿಸಿದೆ. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಎಲ್ಲರೂ ಮತ್ತೆ ಮತ್ತೆ ಕರೆದರು.”

ಆಂಧ್ರದವನು ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

“ಏನು ಬಡಿಸಿದೆ?” ಎಂದಳು ಅಮ್ಮ.

“ಸಾರು ಅಂತ. ಬಿಸಿ ಇರ್ತದೆ, ಕಣ್ಣಲ್ಲಿ ನೀರು ಬರ್ತದೆ, ಆದರೂ ಇನ್ನೊಮ್ಮೆ ಬೇಕು ಅಂತಾರೆ.”

ಅಮ್ಮ ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿಕೊಂಡು ಫೋನಿಗೆ ಹತ್ತಿರ ಬಂದಳು.

“ಅದರ ಪುಡಿ ಇದ್ದರೆ ಸ್ವಲ್ಪ ಕಳಿಸು ಮಗನೇ. ನಿಮ್ಮಪ್ಪ ಪ್ರತಿ ತಿಂಗಳು ಇಗರ್ಜಿಯಲ್ಲಿ ಪ್ರವಚನ ಮಾಡ್ತಾರೆ, ಇವತ್ತಿನವರೆಗೆ ಒಬ್ಬರೂ ಇನ್ನೊಮ್ಮೆ ಬೇಕು ಅಂದಿಲ್ಲ.”