ಸೀರೆ ಕೊಟ್ಟು ತಂದ ರೋಬೋಟು

ಹೆಂಡತಿಗೆಂದು ನೇಯ್ದ ಸೀರೆಯನ್ನು ಕೊಟ್ಟು ಎರಡು ರೋಬೋಟುಗಳನ್ನು ಮನೆಗೆ ತಂದ ಗಂಡಸು ಗಜೇಂದ್ರಗಡದ ಚರಿತ್ರೆಯಲ್ಲೇ ಕಳಕೇಶನೊಬ್ಬನೇ ಇರಬೇಕು.

ಹದಿನೆಂಟು ವರ್ಷ ಮಂದಿಯ ಹೆಂಡಂದಿರಿಗೆ ನೇಯ್ದು ನೇಯ್ದು, ಕೊನೆಗೊಮ್ಮೆ ತನ್ನ ಹೆಂಡತಿ ವೀರವ್ವನಿಗೂ ಒಂದು ಪಟ್ಟೇದಂಚಿನ ಸೀರೆ ಮಗ್ಗದಿಂದ ಇಳಿದಿತ್ತು. ಸೆರಗಿನಲ್ಲಿ ಒಂದೇ ಒಂದು ಹಸಿರು ಎಳೆ ತಪ್ಪಿ ಹೊಕ್ಕಿತ್ತು. ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಟ್ಟವಳು ಅವಳೇ. ಬಿಚ್ಚಲು ಹೋದವನಿಗೆ, “ಇರ್ಲಿ ಬಿಡ್ರಿ, ನನ್ನ ಗುರ್ತ ಅದು” ಎಂದಿದ್ದಳು. ಎಂಟು ದಿನಕ್ಕೆ ಅವಳ ತಮ್ಮನ ಮದುವೆ. ಅದನ್ನೇ ಉಡುವುದಾಗಿ ತವರಿಗೆಲ್ಲ ಸಾರಿಯಾಗಿತ್ತು.

ಇಸ್ತ್ರಿ ಮಾಡಿಸಲು ಕಳಕೇಶ ನರೇಗಲ್ ಸಂತೆಗೆ ಒಯ್ದ ಸೀರೆ, ಟೇಪ್‌ರೆಕಾರ್ಡರ್ ರಿಪೇರಿಯ ಗೆಳೆಯ ಖಾದರನ ಅಂಗಡಿಯಲ್ಲೇ ಉಳಿಯಿತು. ಬದಲಿಗೆ ಬಂದದ್ದು ಸಿಡಿ ಹಾಕಿ ಟಿವಿಯಲ್ಲಿ ಆಡುವ ಹಳೆಯ ವಿಡಿಯೋ ಗೇಮ್ ಡಬ್ಬಿ. ಸಿಡಿಯ ಮೇಲಿನ ಚಿತ್ರದಲ್ಲಿ ಎರಡು ಉಕ್ಕಿನ ರಾಕ್ಷಸರು ಬೆಂಕಿ ಉಗುಳುತ್ತಿದ್ದರು. ಕಳಕೇಶ ಮರುಳಾದದ್ದು ಆ ಬೆಂಕಿಗೆ. ಮನೆಯಲ್ಲಿ ಮಾತ್ರ, ಡಬ್ಬಿ ಗೆಳೆಯ ಪ್ರೀತಿಯಿಂದ ಕೊಟ್ಟದ್ದು, ಸೀರೆ ಇಸ್ತ್ರಿಯವನ ಹತ್ತಿರ ಇದೆ ಎಂದ.

ಟಿವಿಯಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಕಾಲು ಬಂದ ಸೀಮೆಎಣ್ಣೆ ಸ್ಟೋವುಗಳಂಥ ಎರಡು ಆಕೃತಿ. ಒಂದು ಕಾಳಗ ಶುರುವಾಗುವಷ್ಟರಲ್ಲಿ ವೀರವ್ವ ಮೂರು ಕಂಡಿಕೆ ಸುತ್ತಿ ಮುಗಿಸುತ್ತಿದ್ದಳು. ಗುಂಡಿ ಒತ್ತಿದರೆ ರೋಬೋಟು ತಾಲೂಕು ಕಚೇರಿಯ ಗುಮಾಸ್ತನಂತೆ ಮೊದಲು ಯೋಚಿಸಿ, ಆಮೇಲೆ ಕೈ ಎತ್ತುತ್ತಿತ್ತು. (ಲಂಚ ಕೇಳಲಿಲ್ಲ, ಅಷ್ಟೇ.) ಸಿಟ್ಟಿಗೆ ಕಳಕೇಶನ ಕಾಲುಗಳು ತಾವಾಗಿಯೇ ಮಗ್ಗದ ಮೆಟ್ಟು ತುಳಿದಂತೆ ನೆಲ ತುಳಿಯುತ್ತಿದ್ದವು. ಆದರೂ ಮೂರು ದಿನ ಬಿಡದೆ ಆಡಿದ. ಸೀರೆ ಕೊಟ್ಟು ತಂದದ್ದನ್ನು ಕೆಟ್ಟದ್ದು ಎನ್ನಲು ಬಾಯಿ ಬರಬೇಕಲ್ಲ.

ನಾಲ್ಕನೆಯ ದಿನ ಖಾದರ ಬಂದ. ಮರೆತುಹೋಗಿದ್ದ ಎರಡನೆಯ ರಿಮೋಟು ತಂದಿದ್ದ, ಪಾಪ, ನಿಯತ್ತಿನ ಮನುಷ್ಯ. ಜೊತೆಗೆ ಹೆಂಡತಿ ಫರ್ಜಾನಾ. ಅವಳ ಮೈಮೇಲೆ ಪಟ್ಟೇದಂಚು; ಸೆರಗಿನಲ್ಲಿ ಒಂದೇ ಒಂದು ಹಸಿರು ಎಳೆ.

ವೀರವ್ವ ಚಹಾ ಕೊಟ್ಟಳು. ಸೀರೆ ಚಲೋ ಒಪ್ಪುತ್ತದೆ ಎಂದಳು.

“ನಿಮ್ಮ ಯಜಮಾನ್ರ ಕೊಟ್ಟಾರಲ್ರೀ ಅಕ್ಕಾ, ಆ ಡಬ್ಬಿ ಬದ್ಲಿ” ಎಂದಳು ಫರ್ಜಾನಾ.

ಕಳಕೇಶ ಟಿವಿಯೊಳಗೆ ಹೊಕ್ಕುಬಿಡುವವನಂತೆ ಅದರತ್ತ ಬಗ್ಗಿದ. ಅದು ವೀರವ್ವನಿಗೆಂದೇ ನೇಯ್ದದ್ದು ಎಂದು ತಿಳಿದ ಫರ್ಜಾನಾ ಸೀರೆ ಒಗೆದು ಮರಳಿ ಕಳಿಸುತ್ತೇನೆಂದರೆ, ಮಂದಿ ಉಟ್ಟದ್ದನ್ನು ಬಿಚ್ಚಿಸಿಕೊಳ್ಳುವ ಮನೆತನ ತಮ್ಮದಲ್ಲ ಎಂದು ವೀರವ್ವ ತಡೆದಳು. ಆಮೇಲೆ ಎರಡನೆಯ ರಿಮೋಟು ಎತ್ತಿಕೊಂಡು ಗಂಡನತ್ತ ತಿರುಗಿದಳು.

“ಕೂಡ್ರಿ. ನೀವು ಗೆದ್ರ ಸೀರಿ ಸುದ್ದಿ ಎತ್ತೂದಿಲ್ಲ. ನಾ ಗೆದ್ರ, ಮದಿವಿ ಬರೂದ್ರೊಳಗ ಇನ್ನೊಂದ ನೇಯ್ಬೇಕು.”

ಮೂರು ದಿನದ ಅಭ್ಯಾಸದ ಮಹಾವೀರ ಒಳಗೊಳಗೇ ನಕ್ಕು ಒಪ್ಪಿದ. ಅವನು ಜಿಗಿತ, ಒದೆತ, ಬೆನ್ನ ಹಿಂದಿನ ಹೊಡೆತ ಎಂದು ಐದಾರು ಗುಂಡಿ ತಡಕಿದ. ಅವಳು ಕಂಡಿಕೆ ಸುತ್ತುವ ಹದದಲ್ಲಿ ಒಂದೇ ಗುಂಡಿಯನ್ನು ಒತ್ತುತ್ತಲೇ ಹೋದಳು. ಅವನ ರೋಬೋಟು ಯಾವುದನ್ನು ಮೊದಲು ಮಾಡಲಿ ಎಂದು ಯೋಚಿಸಿ ಕೈ ಎತ್ತುವಷ್ಟರಲ್ಲಿ ಅವಳದು ಹತ್ತು ಬಾರಿ ಗುದ್ದಿರುತ್ತಿತ್ತು. ಮೂರು ಕಾಳಗಕ್ಕೆ ಮೂರೂ ಸೋತ.

ಈಗ ಕಳಕೇಶ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಲಾಳಿ ಎಸೆಯುತ್ತಿದ್ದಾನೆ. ವೀರವ್ವ ಟಿವಿ ಮುಂದೆ ಕಾಲು ಚಾಚಿ, ಮುಂದಿನ ಕಾಳಗ ಶುರುವಾಗುವುದನ್ನು ಕಾಯುತ್ತ ಆಗಾಗ ಅವನತ್ತ ನೋಡುತ್ತಾಳೆ.

“ಲಗೂ ಲಗೂ ಕೈ ಆಡಿಸ್ರಿ” ಎನ್ನುತ್ತಾಳೆ. “ನಿಮಗಿಂತ ಆ ರೋಬೋಟ ಚುರುಕ ಐತಿ.”