ಬಾಜೂ ಮನಿ ಪಿಕಪ್ಪು, ನನ್ನ ಕಣ್ಣು

ಸ್ವಲ್ಪ ಹತ್ತಿರ ಬರ್ರಿ, ಬಾಗಿಲಾ ಮುಂದ ಮಾಡ್ರಿ. ನಾ ಹೇಳಿದೆ ಅಂತ ಯಾರ ಮುಂದೂ ಬಾಯಿ ಬಿಡಬಾರದು. ಐದಾರು ಮಂದಿಗೆ ಬಿಟ್ಟು ನಾನೂ ಯಾರಿಗೂ ಹೇಳಿಲ್ಲ. ಕಾತ್ರಜದಾಗ ನನ್ನ ಮಗನ ಗ್ಯಾರೇಜು, ಅದರ ಬಾಗಿಲಿಗೆ ನನ್ನ ಖುರ್ಚಿ. ಗಾಡಿ ರಿಪೇರಿಗೆ ಬರತಾವ, ಹಿಂದ ಮನಿ ಗುಟ್ಟೂ ಬರತಾವ. ನಾ ಕರಿಯಂಗಿಲ್ಲ, ಅವೇ ಬರತಾವ.

೧. ಕಿರ್ರ್

ಬಾಜೂ ಮನಿಯವರದು ಮೆಣಸಿನಕಾಯಿ ವ್ಯಾಪಾರ. ಅವರ ಪಿಕಪ್ಪು ಬ್ರೇಕ್ ಒತ್ತಿದ್ರ ಓಣಿ ತುದಿಗೇ ಕಿರ್ರ್ ಅಂತಿತ್ತು. ನನ್ನ ಮಗ ಚಕ್ರ ಬಿಚ್ಚಿ ನೋಡಿದ. ಪ್ಯಾಡು ಸವದು ಕಬ್ಬಿಣಕ್ಕ ಕಬ್ಬಿಣ ತಿಕ್ಕತಿತ್ತು. ಹೊಸಾವು ಹಾಕಿದ, ಸದ್ದು ಹೋತು.

ಮರುದಿನ ಆ ಮನಿಯಾಕಿ ಮಾರಿ ಉಬ್ಬಿಸಿಕೊಂಡು ಬಂದ್ಲು. "ಯಾರು ಹೇಳಿದ್ರು ಸದ್ದು ತಗೀರಿ ಅಂತ?"

"ನಿನ್ನ ಗಂಡ."

"ಆ ಸದ್ದು ಕೇಳಿ ನಾ ಟಿವಿ ಆರಿಸಿ ರೊಟ್ಟಿ ಬಡೀಲಿಕ್ಕೆ ಕೂಡತಿದ್ದೆ. ನಿನ್ನೆ ಅವರು ಬೆನ್ನ ಹಿಂದ ನಿಂತು ಅರ್ಧಾ ಧಾರಾವಾಹಿ ನೋಡ್ಯಾರ."

"ಆಮ್ಯಾಲೆ?"

"ಆಮ್ಯಾಲೆ ಏನು, ಹಿಂದಿನ ಕತಿ ಕೇಳಿದ್ರು."

೨. ಟಿಕಳಿ

ಎಂಟು ದಿನಕ್ಕ ಅದೇ ಗಾಡಿ ಸ್ಟೇರಿಂಗಿನ ಮುಂದ ಹಳದಿ ದೀಪ ಹತ್ತಿತು. "ಬ್ರೇಕ್ ಗಟ್ಟಿ ಒತ್ತಿದಾಗ ಚಕ್ರ ಜಾಮ್ ಆಗದಂಗ ನೋಡಿಕೊಳ್ಳೋದು ಎಬಿಎಸ್. ಅದು ಕೆಟ್ರ ಈ ದೀಪ. ನಾಳೆ ಗಾಡಿ ಬಿಡ್ರಿ" ಅಂದ ಮಗ. ಮರುದಿನ ಬಂದ ವ್ಯಾಪಾರಿ, "ದೀಪ ತಾನೇ ಆರಿತ್ರಿ" ಅಂದ.

ಮಗ ಒಳಗ ಬಗ್ಗಿ ನೋಡಿದ್ರ ದೀಪದ ಮ್ಯಾಲೆ ಕೆಂಪು ಟಿಕಳಿ, ಹಣಿಗೆ ಹಚ್ಚಿಕೊಳ್ಳೋದು. ವ್ಯಾಪಾರಿ ತಲಿ ತಗ್ಗಿಸಿದ. "ನಮ್ಮನಿಯಾಕಿ ಹಚ್ಯಾಳರಿ. ಕಾಣದಿದ್ರ ಚಿಂತಿ ಇಲ್ಲ ಅಂದ್ಲು."

ಸಂಸಾರಾನೂ ಹಿಂಗೇ ನಡಸ್ತಾಳ ಆಕಿ.

೩. ದೃಷ್ಟಿ

ಆಮ್ಯಾಲೆ ಓಣಿ ತುಂಬಾ ಸುದ್ದಿ, ಗಾಡಿಗೆ ನನ್ನ ದೃಷ್ಟಿ ತಾಗೇದ ಅಂತ. ಬ್ರೇಕ್ ಮಾಡಿಸಿದ ಮರುದಿನ ನಾ ಆಕಿಗೆ "ಗಾಡಿ ಭಾಳ ಚೆಂದ ಅದವ್ವಾ" ಅಂದಿದ್ದೆ, ಅದಕ್ಕ. ನನ್ನ ಕಂಡ್ರ ಕೂಸಿನ ಮಾರಿಗೆ ಸೆರಗು ಮುಚ್ಚಲಿಕ್ಕೆ ಹತ್ತಿದ್ರು. ಮೂಲಿ ಮನಿಯವರು ತೊಟ್ಟಲ ಕಾರ್ಯಕ್ಕ ಎಲ್ಲಾರನೂ ಕರದು ನನ್ನೊಬ್ಬಾಕಿನ್ನ ಬಿಟ್ರು. ಒಂದು ತೊಟ್ಟಲ ಕಾರ್ಯ ಅಂದ್ರ ನನಗ ಆರು ತಿಂಗಳಿಗೆ ಆಗೋವಷ್ಟು ಮಾತು ಸಿಗತಾವ. ಮಗನಿಗೆ ಹೇಳಿದೆ, "ಆ ಗಾಡಿ ಬಿಚ್ಚು. ನನ್ನ ಕಣ್ಣೋ ಮತ್ತೊಂದೋ, ಇವತ್ತು ಎಲ್ಲಾರಿಗೂ ತಿಳೀಲಿ."

ಓಣಿ ಹೆಂಗಸರು ಸುತ್ತ ನಿಂತ್ರು. ಮಗ ಜ್ಯಾಕ್ ಹಚ್ಚಿ ಮುಂದಿನ ಚಕ್ರ ತಗದ. ಒಳಗ ಒಂದು ಲಿಂಬಿಹಣ್ಣು, ಏಳು ಮೆಣಸಿನಕಾಯಿ, ಕರೇ ದಾರದಾಗ ಪೋಣಿಸಿದ್ದು. ಎಬಿಎಸ್‌ಗೆ ಚಕ್ರದ ವೇಗ ತಿಳಿಸೋ ತೆಳ್ಳನ ವೈರಿಗೆ ಆ ದಾರ ಸುತ್ತಿ ಬಿಗಿದಿತ್ತು. ಚಕ್ರ ಹೊಳ್ಳಿದಾಗೆಲ್ಲಾ ಜಗ್ಗಿ ಜಗ್ಗಿ ವೈರು ಹರದಿತ್ತು. "ದೀಪ ಹತ್ತಿದ್ದು ಇದಕ್ಕ" ಅಂದ ಮಗ.

"ಯಾರು ಕಟ್ಟಿದ್ದು?" ಅಂದೆ. ಗೊತ್ತಿದ್ದೇ ಕೇಳಿದೆ.

"ನಾನೇ" ಅಂದ್ಲು ಬಾಜೂ ಮನಿಯಾಕಿ. "ನೀವು ಚೆಂದ ಅದ ಅಂದ್ರಲ್ಲ, ಅವತ್ತೇ ಸಂಜೀಕ. ಮುಂದ ಕಟ್ಟಿದ್ರ ನಿಮಗ ಕಾಣತದ ಅಂತ ಒಳಗ ಕಟ್ಟಿದೆ."

"ಅಂದ್ರ ವೈರ್ ಹರದದ್ದು ನನ್ನ ಕಣ್ಣಲ್ಲ, ನಿನ್ನ ದಾರ. ಎಲ್ಲಾರ ಮುಂದ ಹೇಳು."

ಆಕಿ ಸೆರಗು ಸರಿ ಮಾಡಿಕೊಂಡು, ನನ್ನ ಮಾರಿ ನೋಡೇ ಅಂದ್ಲು: "ಆಯೀ, ನಿಮ್ಮ ಕಣ್ಣು ಅಷ್ಟು ಜೋರ ಇರದಿದ್ರ ನಾ ಅಷ್ಟು ಬಿಗಿಯಾಗಿ ಯಾಕ ಕಟ್ಟತಿದ್ದೆರಿ?"