ಪಾಚಿರಾಯನ ಪೇಚು

ಅಮ್ಮ ಅಡುಗೆಮನೆ ಕಟ್ಟೆಯನ್ನು ಸ್ವಚ್ಛ ಮಾಡಿದ್ದೇ ಎಡವಟ್ಟಾಯಿತು.

"ಆ ಟ್ರೇ ತುಂಬ ಪಾಚಿ ಕಟ್ಟಿತ್ತು ಕಣೋ. ನಾರು ಹಾಕಿ ತಿಕ್ಕಿಟ್ಟಿದ್ದೀನಿ, ಹೇಗೆ ಹೊಳೀತಿದೆ ನೋಡು!"

ಮಗ ನೋಡಿದ. ಸ್ಟೀಲ್ ಟ್ರೇ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಕಂಡ ಅವನ ಮುಖ ಮಾತ್ರ ಸುಣ್ಣ ಬಳಿದ ಗೋಡೆಯಂತಿತ್ತು.

ಅವನು ಸಸ್ಯತೋಟದ ನೌಕರ. ಜೌಗು ನೆಲಗಳು ಬತ್ತಿದ್ದರಿಂದ ಅಳಿವಿನ ಅಂಚಿಗೆ ಸರಿದಿದ್ದ ಎರಡು ಸಸ್ಯಗಳು ಆ ತೋಟದಲ್ಲಿದ್ದವು. ಒಂದು ಮರ. ಬೇಲಿ, ಫಲಕ ಎಲ್ಲ ಪಡೆದು ಮದುಮಗನ ಹಾಗೆ ನಿಂತಿತ್ತು. ಇನ್ನೊಂದು ಲಿವರ್‌ವರ್ಟ್ ಎಂಬ ಪಾಚಿಯಂಥ ಸಸ್ಯ. ಹೂವಿಲ್ಲ, ಕಾಯಿಲ್ಲ, ಹರಿದ ಹಸಿರು ರೆಕ್ಸಿನ್ ಚೂರಿನಂತೆ ಕೆಸರಿಗೆ ಅಂಟಿಕೊಂಡು ಬದುಕುವ ಬಡಪಾಯಿ. ಮರದ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇದನ್ನು ಕಂಡರೆ ಕಾಲು ಜಾರೀತೆಂದು ಪಕ್ಕಕ್ಕೆ ಸರಿಯುತ್ತಿದ್ದರು. ಇದನ್ನು ನೋಡಿಕೊಳ್ಳುವ ಹಂಗಾಮಿ ಕೆಲಸ ಅವನದು. ಬೀದಿಯವರು ಇಟ್ಟ ಹೆಸರು ಪಾಚಿರಾಯ. ತೋಟದ ನಲ್ಲಿ ಕೆಟ್ಟಿದ್ದರಿಂದ ನಿನ್ನೆ ಲಿವರ್‌ವರ್ಟ್ ಇದ್ದ ಟ್ರೇಯನ್ನು ಮನೆಗೆ ತಂದಿದ್ದ. ಇವತ್ತು ಮೇಲಧಿಕಾರಿ ಮೇಡಂ ಮರವನ್ನೂ ಇದನ್ನೂ ಹೋಲಿಸಿ ನೋಡಿ, ಅವನ ಕೆಲಸ ಕಾಯಂ ಮಾಡುವುದೋ ತೆಗೆಯುವುದೋ ತೀರ್ಮಾನಿಸುವವರಿದ್ದರು.

"ಅಮ್ಮಾ, ಅದು ಪಾಚಿ ಅಲ್ಲಮ್ಮಾ, ನನ್ನ ಕೆಲಸ!"

"ಅಯ್ಯೋ ಕಂದಾ, ಒಂದು ಮಾತು ಹೇಳಬಾರದಿತ್ತಾ?" ಅಮ್ಮ ನಾರನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

ಕಾಂಪೌಂಡ್ ಮೇಲೆ ಪಕ್ಕದ ಮನೆ ಅತ್ತೆಯ ತಲೆ ಎದ್ದಿತು. "ಪಾಚಿಗೂ ಬರ ಬಂತೇನೋ? ನಮ್ಮ ಬಚ್ಚಲ ಮೋರಿಗೆ ಬಾ, ಬೇಕಾದಷ್ಟು ಕೆರ್ಕೊಂಡು ಹೋಗು."

ಬೇರೆ ದಾರಿಯಿರಲಿಲ್ಲ. ಮೂಗು ಪೂರ್ತಿ, ಕಣ್ಣು ಅರ್ಧ ಮುಚ್ಚಿಕೊಂಡು, ಕೈಗೆ ಸಿಕ್ಕ ಹಸಿರನ್ನು ಮಣ್ಣುಸಮೇತ ಎತ್ತಿ ಟ್ರೇಗೆ ತುಂಬಿದ.

"ಕೈಯೆಲ್ಲ ಕೆಸರಾಗಿದೆ, ಬೀಳಿಸ್ತೀಯ. ತಾ ಇಲ್ಲಿ," ಎಂದು ಅತ್ತೆ ಟ್ರೇ ಕಿತ್ತುಕೊಂಡು, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು.

ತೋಟದಲ್ಲಿ ಮೇಡಂ ಮರವನ್ನು ಒಂದು ಸುತ್ತು ಹಾಕಿ, "ಗಟ್ಟಿಯಾಗಿದೆ. ಇದಕ್ಕೆ ಬೇಲಿ ಸಾಕು," ಎಂದರು. ಆಮೇಲೆ ಭೂತಗನ್ನಡಿ ಹಿಡಿದು ಟ್ರೇಯ ಮೇಲೆ ಬಾಗಿದರು. ಬಾಗಿದವರು ಏಳಲೇ ಇಲ್ಲ. ಪಾಚಿರಾಯ ಒಂದೊಂದೇ ಹೆಜ್ಜೆ ಮರದ ಹಿಂದಕ್ಕೆ ಸರಿದ.

"ಅದೇ ಜಾತಿ! ಆದರೆ ಇಷ್ಟು ಸೊಂಪಾಗಿ ನಾನು ಎಲ್ಲೂ ನೋಡಿಲ್ಲ. ಏನ್ರೀ ಮಾಡಿದ್ರಿ ಇದಕ್ಕೆ?"

ಪಾಚಿರಾಯನಿಗೆ ಹೋದ ಜೀವ ಬಂದಂತಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಅತ್ತೆ, "ಅವನೇನು ಮಾಡ್ತಾನೆ, ಮಣ್ಣು! ನಮ್ಮ ಮೋರೀದು ಅದು," ಎಂದರು.

"ಅಲ್ಲಿ ಇನ್ನೂ ಇದೆಯಾ?"

"ಗೋಡೆ ತುಂಬ ಇದೆ."

"ಏನು ಆರೈಕೆ ಮಾಡ್ತೀರಮ್ಮಾ?"

"ಸುಳ್ಳು ಯಾಕೆ ಹೇಳಲಿ ಮೇಡಂ, ಆ ಮನೆಗೆ ಬಂದಾಗಿನಿಂದ ಆ ಕಡೆ ಪೊರಕೆ ಹಿಡಿದಿಲ್ಲ."

"ಅದೇ ಆರೈಕೆ!" ಮೇಡಂ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಇರೋದು ಒಂದೇ ಹುದ್ದೆ. ಗಿಡ ಎಲ್ಲಿ ಬದುಕಿದೆಯೋ ಅಲ್ಲಿಗೇ ಕೊಡ್ತೀನಿ. ಇವತ್ತಿಂದ ನೀವೇ ಕಾಯಂ."

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಅವನ ಬೆನ್ನು ಸವರಿದರು.

"ಬೇಜಾರು ಮಾಡ್ಕೋಬೇಡ್ವೋ. ನಮ್ಮ ಬಚ್ಚಲು ಈಗ ಆಫೀಸಾಯ್ತಲ್ಲ, ಇನ್ನು ಅಲ್ಲಿ ಸ್ನಾನ ಮಾಡೋಕಾಗುತ್ತಾ? ನಾಳೆಯಿಂದ ನಾವು ಮನೆಮಂದಿಯೆಲ್ಲ ನಿಮ್ಮ ಬಚ್ಚಲಿಗೇ ಬರ್ತೀವಿ. ನೀನು ಹೇಗೂ ಮನೇಲೇ ಇರ್ತೀಯ, ಒಂದು ಹಂಡೆ ನೀರು ಕಾಯಿಸಿಡು."